ರಸ್ತೆಯಾಚೆಗಿನ ಕಟ್ಟಡಕ್ಕೆ ವೈರ್‌ಲೆಸ್ ಲಿಂಕ್: 5 ಗಿಗಾಹರ್ಟ್ಸೋ, 60 ಗಿಗಾಹರ್ಟ್ಸೋ?

ಪುತ್ತೂರಿನಲ್ಲಿ ಶಾಲೆಯ ಎರಡು ಕಟ್ಟಡ, ನಡುವೆ ರಸ್ತೆ, ದೂರ 150 ಮೀಟರ್, ಆಚೆ ಬದಿಗೆ 16 ಕ್ಯಾಮೆರಾ ಮತ್ತು ಒಂದು ಕಂಪ್ಯೂಟರ್ ಲ್ಯಾಬ್ ಅಂತ ಬರೆದಿದ್ದೀರಿ. ಕರಾವಳಿಯಲ್ಲಿ ಇಂಥ ಲಿಂಕ್ ಹಾಕುವುದೇ ನನ್ನ ಕೆಲಸ.

ಮೊದಲು ಒಂದು ವಿಷಯ. ರಸ್ತೆ ಕೆಳಗೆ ಮೋರಿ ಇದ್ದು, ಪೈಪ್ ಹಾಕಲು ಅನುಮತಿ ಸಿಕ್ಕರೆ ಫೈಬರ್ ಎಳೆಸಿಬಿಡಿ. ಮಾಮೂಲಿ ಲ್ಯಾನ್ ಕೇಬಲ್ 100 ಮೀಟರ್‌ಗೇ ಮುಗಿಯುತ್ತದೆ, ಹಾಗಾಗಿ ಅದು ಬೇಡ. ಫೈಬರ್‌ಗೆ ಮಳೆಯ ಭಯವಿಲ್ಲ.

ಅದು ಆಗಲ್ಲ ಅಂದರೆ 5 ಗಿಗಾಹರ್ಟ್ಸ್ ತರಂಗಾಂತರದ ವೈರ್‌ಲೆಸ್ ಸಾಧನ ತಗೊಳ್ಳಿ. 60 ಗಿಗಾಹರ್ಟ್ಸ್ ಮಳೆಗೆ ಸತ್ತೇ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇಷ್ಟು ಹತ್ತಿರಕ್ಕೆ ಅದು ಅಷ್ಟು ನಿಜವಲ್ಲ. ಗಂಟೆಗೆ 50 ಮಿಲಿಮೀಟರ್ ಸುರಿದರೂ 150 ಮೀಟರ್‌ನಲ್ಲಿ ಸಿಗ್ನಲ್ ಕಳೆದುಕೊಳ್ಳುವುದು ಸುಮಾರು 3 ಡೆಸಿಬಲ್, ಅಂದರೆ ಅರ್ಧ ಶಕ್ತಿ; ಲಿಂಕ್ ಅಷ್ಟನ್ನು ತಡೆದುಕೊಳ್ಳುತ್ತದೆ. ನಾನು ಬೇಡ ಅನ್ನುವ ಕಾರಣ ಬೇರೆ. ನಮ್ಮಲ್ಲಿ 5 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ವಿನಾಯಿತಿ ಕೊಟ್ಟ 2018ರ ಅಧಿಸೂಚನೆಯಲ್ಲಿ 60 ಗಿಗಾಹರ್ಟ್ಸ್ ಇಲ್ಲ. 60 ಗಿಗಾಹರ್ಟ್ಸ್ ಕೊಡುವಷ್ಟು ವೇಗವೂ ನಿಮಗೆ ಬೇಕಾಗಿಲ್ಲ. ಕ್ಯಾಮೆರಾಗೆ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಹಿಡಿದರೂ ಹದಿನಾರಕ್ಕೆ 64. ಲ್ಯಾಬ್ ಸೇರಿ 200 ಸಿಕ್ಕರೆ ಧಾರಾಳ.

ಆದರೆ ಡಬ್ಬಿ ಮೇಲಿನ ಅಂಕಿ ನಂಬಬೇಡಿ. 867 ಅಂತ ಬರೆದಿದ್ದರೆ ಕೈಗೆ ಬರುವುದು ಹೆಚ್ಚುಕಡಿಮೆ ಅರ್ಧ, ಅದನ್ನೇ ಹೋಗುವ ಬರುವ ಡೇಟಾ ಎರಡೂ ಹಂಚಿಕೊಳ್ಳಬೇಕು. ಲ್ಯಾನ್ ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಇದೆಯಾ ಅಂತ ಕೇಳಿ. 300 ಎಂಬಿಪಿಎಸ್ ಅಂತ ಮಾರುವ ಕೆಲವು ಅಗ್ಗದ ಸಾಧನಗಳಲ್ಲಿ ಪೋರ್ಟ್ ಬರೀ 100ರದ್ದು!

ನಿಜವಾದ ಶತ್ರು ಮರ. ನಿಮ್ಮ ಕಡೆ ತೆಂಗು ಇದ್ದೇ ಇರುತ್ತದೆ, ಅಲ್ವಾ? ಏಪ್ರಿಲ್‌ನಲ್ಲಿ ಚೆನ್ನಾಗಿ ಓಡಿದ ಲಿಂಕ್ ಜೂನ್‌ನಲ್ಲಿ ಕೈಕೊಡುವುದು ಇದರಿಂದಲೇ. ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದರೆ ಗೊತ್ತಾಗುತ್ತದೆ: ಗಾಳಿಗೆ ಒದ್ದೆ ಮಡಲು ಅಡ್ಡ ಬಂದಾಗ ಸಿಗ್ನಲ್ ಮೈನಸ್ 50 ಡಿಬಿಎಂನಿಂದ (ಸಿಗ್ನಲ್ ಬಲದ ಅಳತೆ) ಮೈನಸ್ 70ಕ್ಕೆ ಬೀಳುತ್ತದೆ, ಸರಿದ ಕೂಡಲೇ ಮೇಲೇರುತ್ತದೆ. ಕ್ಯಾಮೆರಾ ಚಿತ್ರವೂ ಅದೇ ತಾಳಕ್ಕೆ ನಿಂತು ನಿಂತು ಬರುತ್ತದೆ. ಆಚೆ ಆಂಟೆನಾ ಕಣ್ಣಿಗೆ ಕಂಡರೆ ಸಾಲದು. ಎರಡೂ ಆಂಟೆನಾ ಸೇರಿಸುವ ನೇರ ಗೆರೆಯ ನಟ್ಟನಡುವೆ, ಅದರ ಸುತ್ತ ಎಲ್ಲ ಕಡೆಗೂ ಒಂದೂವರೆ ಮೀಟರ್ ಖಾಲಿ ಇರಲಿ. ಮರ ಬೆಳೆಯುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ಇನ್ನು ಸಿಡಿಲು. ತಾರಸಿಯ ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಶೀಲ್ಡ್ ಇರುವ ಔಟ್‌ಡೋರ್ ಕೇಬಲ್ ಹಾಕಿಸಿ, ಕಟ್ಟಡದೊಳಗೆ ಬರುವ ಕಡೆ ಸರ್ಜ್ ಪ್ರೊಟೆಕ್ಟರ್ ಇಡಿಸಿ. ಇದರಲ್ಲಿ ದುಡ್ಡು ಉಳಿಸಲು ಹೋದರೆ ಸ್ವಿಚ್, ರೆಕಾರ್ಡರ್ ಎಲ್ಲ ಒಟ್ಟಿಗೇ ಸುಡಬಹುದು.

ಎರಡೂ ತಾರಸಿಗಳಿಂದ ಎದುರು ಕಟ್ಟಡದ ಒಂದೊಂದು ಫೋಟೋ ಹಾಕಿ, ಮರಗಳು ಕಾಣುವ ಹಾಗೆ. ಕಂಬ ಎಷ್ಟು ಎತ್ತರ ಬೇಕು ಅಂತ ನೋಡಿ ಹೇಳುತ್ತೇನೆ.