ಹಗ್ಗ ಎಳೆದರೆ ಮೇಲೇರುವ ಮಂಚ

ಓದಲು ಪ್ಯಾರಿಸ್‌ಗೆ ಬರುತ್ತಿದ್ದೀರಿ, ಹೊರಡುವ ಮುಂಚೆ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ನೋಡಿದ್ದೀರಿ, ಬದುಕು ನಿಜಕ್ಕೂ ಹಾಗೇ ಇರುತ್ತದಾ ಅಂತ ಕೇಳಿದ್ದೀರಿ. 1951ರ ಆ ಸಿನಿಮಾದ ಬೀದಿಗಳನ್ನು ನಂಬಬೇಡಿ, ಹೆಚ್ಚಿನವು ಕ್ಯಾಲಿಫೋರ್ನಿಯಾದ ಎಂಜಿಎಂ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕೋಣೆಯನ್ನು ಮಾತ್ರ ಖಂಡಿತ ನಂಬಿ.

ಶುರುವಿನ ದೃಶ್ಯ ಇನ್ನೊಮ್ಮೆ ನೋಡಿ. ಜೀನ್ ಕೆಲಿ ನಟಿಸಿದ ಜೆರ್ರಿ ಎದ್ದವನೇ ಹಗ್ಗ ಎಳೆದು ಮಂಚವನ್ನು ಸೂರಿಗೇರಿಸುತ್ತಾನೆ, ಕಪಾಟಿನಿಂದ ಮೇಜು ಎಳೆದುಕೊಳ್ಳುತ್ತಾನೆ. ನಿಮಗೂ ಸಿಗುವುದು ಬಹುಶಃ ಅಂಥದ್ದೇ: ಹಳೇ ಕಟ್ಟಡದ ಕೊನೇ ಮಹಡಿಯಲ್ಲಿ, ಹಿಂದೆ ಮನೆಗೆಲಸದವರಿಗೆಂದು ಇದ್ದ ‘ಶಾಂಬ್ರ್ ದ ಬಾನ್’. ಬಾಡಿಗೆಗೆ ಕೊಡಬೇಕೆಂದರೆ 9 ಚದರ ಮೀಟರ್ ಜಾಗ ಮತ್ತು 2.20 ಮೀಟರ್ ಎತ್ತರ, ಇಲ್ಲವೇ 20 ಘನ ಮೀಟರ್ ಇರಲೇಬೇಕೆಂಬುದು ಕಾನೂನು. ಸಹಿ ಹಾಕುವ ಮುಂಚೆ ಟೇಪು ಹಿಡಿದು ಅಳೆಯಿರಿ. ಇಳಿಜಾರು ಸೂರಿನಡಿ 1.80 ಮೀಟರ್‌ಗಿಂತ ತಗ್ಗಿರುವ ಜಾಗ ಚದರ ಮೀಟರಿನ ಲೆಕ್ಕಕ್ಕೆ ಬರುವುದಿಲ್ಲ, ಮೋಸ ಹೋಗುವುದು ಅಲ್ಲೇ. ಶೌಚಾಲಯ ಕೋಣೆಯಲ್ಲಿದೆಯೋ ಪಡಸಾಲೆಯಲ್ಲೋ ಕೇಳಿಕೊಳ್ಳಿ. ಮೇಲೆ ಸತುವಿನ ತಗಡು ಇದ್ದರೆ ಜುಲೈನಲ್ಲಿ ಕೋಣೆ ಕಾದ ಕಾವಲಿ.

ಕರೆಂಟೂ ನೋಡಿ. ಇಂಥ ಕೋಣೆಗೆ 3 ಕೆವಿಎ (ಸುಮಾರು 3,000 ವಾಟ್) ಸಂಪರ್ಕ ಇದ್ದರೆ 2,000 ವಾಟ್ ಹೀಟರ್ ಮತ್ತು 1,500 ವಾಟ್ ಒಲೆ ಒಟ್ಟಿಗೆ ಹಾಕಿದರೆ ಟ್ರಿಪ್ ಆಗಬಹುದು. ಅನ್ನ ಇಡುವಾಗ ಹೀಟರ್ ಆರಿಸಿ. ಊರಿನ ಮಿಕ್ಸಿ ನಡೆಯುತ್ತದೆ, ವೋಲ್ಟೇಜ್ 230 ಇದೆ. ಮೂರು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಬೇಕು. ಬರೀ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯಾಗುವುದೇ ಇಲ್ಲ, ಇಂಡಕ್ಷನ್ ತಳದ್ದೇ ತನ್ನಿ.

ಊರಿನ ನೆನಪನ್ನು ಹೇಗೆ ತಡೆದುಕೊಳ್ಳುವುದು ಅಂತಲೂ ಕೇಳಿದ್ದೀರಿ. ಸಿನಿಮಾಕ್ಕೆ ಹೆಸರು ಕೊಟ್ಟ ಜಾರ್ಜ್ ಗರ್ಶ್‌ವಿನ್‌ರ 1928ರ ಸಂಗೀತದಲ್ಲಿ ಪ್ಯಾರಿಸ್‌ನ ಟ್ಯಾಕ್ಸಿ ಹಾರನ್ನುಗಳು ಕೂಗುತ್ತವೆ. ಆ ಗದ್ದಲ ಇಳಿದ ಮೇಲೆ ಟ್ರಂಪೆಟ್ ಒಂದು ಬ್ಲೂಸ್ ಎತ್ತಿಕೊಳ್ಳುತ್ತದೆ. ಆ ಅಮೆರಿಕನ್ನನಿಗೆ ಊರಿನ ಹಂಬಲ ಹತ್ತುವ ಗಳಿಗೆ ಅದು ಎಂದು ಸ್ವತಃ ಗರ್ಶ್‌ವಿನ್ ಹೇಳಿದ್ದರು. ನೋವು ಬರುವುದೂ ಹಾಗೆಯೇ, ಓಡಾಟ ನಿಂತಾಗ. ಸಿನಿಮಾದಲ್ಲಿ ಆಸ್ಕರ್ ಲೆವಾಂಟ್ ನಟಿಸಿದ ಆ್ಯಡಮ್ ಮಂಚದಲ್ಲಿ ಬಿದ್ದುಕೊಂಡು ಸಂಗೀತ ಕಚೇರಿಯ ಕನಸು ಕಾಣುತ್ತಾನಲ್ಲ? ಪಿಯಾನೋ ನುಡಿಸುವವನೂ ಅವನೇ, ವಾದ್ಯವೃಂದದ ಮುಂದೆ ಕೋಲು ಬೀಸುವವನೂ ಅವನೇ, ಚಪ್ಪಾಳೆ ತಟ್ಟುವವನೂ ಅವನೇ. ಡಿಸೆಂಬರ್‌ನ ಭಾನುವಾರ, 5 ಗಂಟೆಗೇ ಕತ್ತಲು, ಅಕ್ಕಪಕ್ಕದ ಅಂಗಡಿಗಳ ಬಾಗಿಲು ಹಾಕಿದೆ, ಫೋನ್ ಹಿಡಿದು ಹಾಸಿಗೆಯಲ್ಲಿದ್ದೀರಿ ಅಂದರೆ ಅದೇ ಸ್ಥಿತಿ. ಎದ್ದು ಹೊರಗೆ ಹೋಗಿ.

ಎಲ್ಲಿಗೆ ಎಂದರೆ, ಮೆಟ್ರೋ 2ರಲ್ಲಿ ಲಾ ಶಾಪೆಲ್‌ಗೆ. ಅಲ್ಲಿನ ತಮಿಳರ ಅಂಗಡಿಗಳಲ್ಲಿ ತೆಂಗಿನಕಾಯಿ, ನುಗ್ಗೆಕಾಯಿ, ಕರಿಬೇವು ಸಿಗುತ್ತವೆ. ಫ್ರೆಂಚ್ ಕಲಿಯಲು ಜೆರ್ರಿ ಬೀದಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ದಾರಿ ಸಾಕು: ‘ಐ ಗಾಟ್ ರಿದಮ್’ ಹಾಡಿನಲ್ಲಿ ಮಕ್ಕಳು ‘ಐ ಗಾಟ್’ ಎಂದಷ್ಟೇ ಕೂಗುತ್ತಾರೆ, ಉಳಿದದ್ದನ್ನು ಅವನು ಹಾಡುತ್ತಾನೆ. ‘ಜ್ಯ ವುದ್ರೆ’, ಅಂದರೆ ‘ನನಗೆ ಬೇಕಿತ್ತು’, ಅಷ್ಟು ಹೇಳಿ ಬೇಕಾದ್ದನ್ನು ತೋರಿಸಿ, ಹೆಸರನ್ನು ಅಂಗಡಿಯವರು ಹೇಳುತ್ತಾರೆ.

ಕರಿಬೇವನ್ನು ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಆಮೇಲೆ ಫ್ರೀಜರ್‌ಗೆ ಹಾಕಿ. ಒಗ್ಗರಣೆಗೆ ಹಾಗೇ ಹಾಕಬಹುದು. ತೇವ ಉಳಿದಿದ್ದರೆ ಎಣ್ಣೆ ಹೆಚ್ಚು ಸಿಡಿಯುತ್ತದೆ.