ದುಡ್ಡು ಸುರಿದ ಬೇಸ್‌ಬಾಲ್ ತಂಡವೇ ಗೆಲ್ಲುತ್ತದಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಡಾಡ್ಜರ್ಸ್, ಮೆಟ್ಸ್, ಯಾಂಕೀಸ್ ತಂಡಗಳು ಒಬ್ಬೊಬ್ಬ ಆಟಗಾರನಿಗೆ ಹತ್ತು ಹದಿನೈದು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟು ಕಪ್ಪನ್ನೇ ಕೊಂಡುಕೊಳ್ಳುತ್ತಿವೆ ಅಲ್ವಾ ಅಂತ ಒಂದು. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಪರ್ಸ್ ಇರುವ ಹಾಗೆ ಅಲ್ಲೂ ಯಾಕೆ ಮಾಡಬಾರದು ಅಂತ ಇನ್ನೊಂದು. ನಾನು ಇಪ್ಪತ್ತು ವರ್ಷಕ್ಕೂ ಮೇಲಿಂದ ಟೆಕ್ಸಸ್ ರೇಂಜರ್ಸ್ ಅಭಿಮಾನಿ. ನಮ್ಮ ತಂಡ ದುಡ್ಡು ಸುರಿದು ಮುಳುಗಿದ್ದನ್ನೂ ನೋಡಿದ್ದೇನೆ, ದುಡ್ಡು ಸುರಿದು ಗೆದ್ದದ್ದನ್ನೂ ನೋಡಿದ್ದೇನೆ. ಅದನ್ನೇ ಹೇಳುತ್ತೇನೆ.

ನಾನು ಕೆಲಸಕ್ಕೆ ಅಂತ ತುಮಕೂರಿನಿಂದ ಡಲ್ಲಾಸ್ ಪಕ್ಕದ ಅರ್ವಿಂಗ್‌ಗೆ ಬಂದದ್ದು 2002ರಲ್ಲಿ. ಆ ಜುಲೈನಲ್ಲಿ ಆಫೀಸಿನ ಗೆಳೆಯನೊಬ್ಬ ಆರ್ಲಿಂಗ್ಟನ್‌ನ ಹಳೇ ಮೈದಾನಕ್ಕೆ ಕರೆದುಕೊಂಡು ಹೋದ. ಆಗ ಅಲ್ಲಿ ಮೇಲೆ ಚಾವಣಿ ಇರಲಿಲ್ಲ. ಸಂಜೆ ಏಳಾದರೂ ಸೀಟು ಕಾದ ಹೆಂಚಿನ ಹಾಗಿತ್ತು. ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿದ್ದವರು ಅಲೆಕ್ಸ್ ರಾಡ್ರಿಗಸ್. 2000ದ ಡಿಸೆಂಬರ್‌ನಲ್ಲಿ ರೇಂಜರ್ಸ್ ಮಾಲೀಕ ಟಾಮ್ ಹಿಕ್ಸ್ ಅವರಿಗೆ ಹತ್ತು ವರ್ಷಕ್ಕೆ 25 ಕೋಟಿ 20 ಲಕ್ಷ ಡಾಲರ್ ಕೊಟ್ಟಿದ್ದರು. ಆ ಕಾಲಕ್ಕೆ ಅಷ್ಟು ದೊಡ್ಡ ಮೊತ್ತ ಯಾರೂ ಕೇಳಿರಲಿಲ್ಲ.

ಅವರು ಕೊಟ್ಟ ದುಡ್ಡಿಗೆ ಆಡಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2001ರಲ್ಲಿ 52 ಹೋಮ್ ರನ್ (ನಮ್ಮ ಸಿಕ್ಸರ್ ಥರ), 2002ರಲ್ಲಿ 57, 2003ರಲ್ಲಿ 47. 2003ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಆದರೂ ಮೂರು ವರ್ಷವೂ ನಮ್ಮ ತಂಡ ಡಿವಿಷನ್‌ನಲ್ಲಿ, ಅಂದರೆ ಲೀಗಿನ ತನ್ನ ಗುಂಪಿನಲ್ಲಿ, ಕೊನೇ ಸ್ಥಾನ. ಯಾಕೆ ಅಂದರೆ ಪಿಚಿಂಗ್ ಇರಲಿಲ್ಲ, ಚೆಂಡು ಎಸೆಯುವ ಒಳ್ಳೆಯವರಿರಲಿಲ್ಲ. ಒಬ್ಬ ಬ್ಯಾಟರ್ ಎಷ್ಟೇ ಚೆನ್ನಾಗಿ ಹೊಡೆದರೂ ಬ್ಯಾಟಿಂಗ್ ಸರದಿ ಒಂಬತ್ತು ಜನರಿಗೊಮ್ಮೆ ಬರುತ್ತದೆ. ಕ್ರಿಕೆಟ್ಟಿನಲ್ಲಿ ಕೊಹ್ಲಿ ಥರದವರು ಕೊನೇ ಓವರ್ ತನಕ ನಿಂತು ಪಂದ್ಯ ಗೆಲ್ಲಿಸಬಹುದು. ಇಲ್ಲಿ ಅದಾಗುವುದಿಲ್ಲ. ಒಂದು ಸಲ ಹೊಡೆದು ಬಂದರೆ ಮತ್ತೆ ಎಂಟು ಜನ ಆಡುವ ತನಕ ಕೂತು ಕಾಯಬೇಕು.

2004ರ ಶುರುವಿನಲ್ಲಿ ಅವರನ್ನು ಯಾಂಕೀಸ್‌ಗೆ ಕೊಟ್ಟರು. ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೂ 17 ಕೋಟಿ 90 ಲಕ್ಷ ಡಾಲರ್ ಬಾಕಿ ಇತ್ತು. ಅದರಲ್ಲಿ 6 ಕೋಟಿ 70 ಲಕ್ಷ ನಾವೇ ಕೊಡುತ್ತೇವೆ ಅಂತ ರೇಂಜರ್ಸ್ ಒಪ್ಪಿಕೊಳ್ಳಬೇಕಾಯಿತು. ನಮ್ಮ ದುಡ್ಡು, ಬೇರೆ ತಂಡದ ಅಂಗಿ. ಐಪಿಎಲ್‌ಗೂ ಬೇಸ್‌ಬಾಲ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಆರ್‌ಸಿಬಿ 2014ರಲ್ಲಿ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ತಗೊಂಡಿತು, ಏಳನೇ ಸ್ಥಾನಕ್ಕೆ ಬಂತು, ಮುಂದಿನ ಹರಾಜಿಗೆ ಬಿಟ್ಟುಕೊಟ್ಟಿತು. ಲೆಕ್ಕ ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಸಹಿ ಹಾಕಿದ ಮೇಲೆ ಆಟಗಾರ ಗಾಯಗೊಂಡರೂ, ಫಾರ್ಮ್ ಕಳೆದುಕೊಂಡರೂ, ತಂಡವೇ ಬೇಡ ಅಂದರೂ ಸಂಬಳ ಕೊಡಲೇಬೇಕು.

2010ರ ಮೇನಲ್ಲಿ ರೇಂಜರ್ಸ್ ದಿವಾಳಿ ಅರ್ಜಿ ಹಾಕಿತು. ಅಡಮಾನ ಇಲ್ಲದೆ ಬಾಕಿ ಬರಬೇಕಾದವರ ಪಟ್ಟಿಯಲ್ಲಿ ತಂಡ ಎಲ್ಲರಿಗಿಂತ ಜಾಸ್ತಿ ಬಾಕಿ ಉಳಿಸಿಕೊಂಡಿದ್ದದ್ದು ಯಾರಿಗೆ ಗೊತ್ತಾ? ಅಲೆಕ್ಸ್ ರಾಡ್ರಿಗಸ್‌ಗೆ. ಅವರು ಬಿಟ್ಟು ಆರು ವರ್ಷವಾಗಿತ್ತು, ಆದರೂ ಮುಂದೂಡಿದ ಸಂಬಳ ಸುಮಾರು 2 ಕೋಟಿ 49 ಲಕ್ಷ ಡಾಲರ್ ಉಳಿದಿತ್ತು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಆಟಗಾರನ ಮೇಲಲ್ಲ. ಒಬ್ಬರನ್ನು ತಂದರೆ ತಂಡ ಆಯಿತು ಅಂದುಕೊಂಡವರ ಮೇಲೆ.

ಅದೇ ವರ್ಷದ ಅಕ್ಟೋಬರ್ 22 ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕೋರ್ಟಿನ ಹರಾಜಿನಲ್ಲಿ ಹೊಸ ಮಾಲೀಕರ ಕೈಗೆ ಬಂದ ತಂಡ, ಎದುರಿಗೆ ಯಾಂಕೀಸ್. ಅವರ ಸಂಬಳದ ಪಟ್ಟಿ 20 ಕೋಟಿ ಡಾಲರ್ ದಾಟಿತ್ತು, ನಮ್ಮದು ಅದರ ಮೂರನೇ ಒಂದು ಭಾಗವೂ ಇರಲಿಲ್ಲ. ಫೈನಲ್‌ಗೆ ಹೋಗುವವರು ಯಾರು ಅಂತ ತೀರ್ಮಾನಿಸುವ ಸರಣಿಯ ಆರನೇ ಪಂದ್ಯ, ಕೊನೇ ಅಂದರೆ ಒಂಬತ್ತನೇ ಇನಿಂಗ್ಸ್, ಎರಡು ಔಟ್. ಬ್ಯಾಟ್ ಹಿಡಿದು ಬಂದವರು ರಾಡ್ರಿಗಸ್. 22 ವರ್ಷದ ಹುಡುಗ ನೆಫ್ಟಾಲಿ ಫೆಲಿಸ್ ಎಸೆದ ಕೊನೇ ಚೆಂಡಿಗೆ ಅವರು ಬ್ಯಾಟ್ ಬೀಸಲೇ ಇಲ್ಲ. ಸ್ಟ್ರೈಕ್ ಮೂರು, ಔಟ್. ರೇಂಜರ್ಸ್ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ, ಅಂದರೆ ಫೈನಲ್ ಸರಣಿಗೆ ಹೋಯಿತು. ನಾನು ಟಿವಿ ಮುಂದೆ ಅತ್ತಿದ್ದೆ.

ಆ ಫೆಲಿಸ್ ಎಲ್ಲಿಂದ ಬಂದ ಅನ್ನುವುದು ನಿಮ್ಮ ಪ್ರಶ್ನೆಗೆ ಬಹಳ ಮುಖ್ಯ. 2007ರಲ್ಲಿ ನಾವು ಮಾರ್ಕ್ ಟೆಶೇರಾ ಅನ್ನುವ ಒಳ್ಳೆಯ ಬ್ಯಾಟರನ್ನು ಅಟ್ಲಾಂಟಾಗೆ ಕೊಟ್ಟೆವು. ಅವರು ಫ್ರೀ ಏಜೆಂಟ್ ಆಗುವ, ಅಂದರೆ ಬೇಕಾದ ತಂಡಕ್ಕೆ ಹೋಗಬಹುದಾದ ಸಮಯ ಹತ್ತಿರ ಬರುತ್ತಿತ್ತು. ಬದಲಿಗೆ ಬಂದ ಹುಡುಗರಲ್ಲಿ ಫೆಲಿಸ್, ಎಲ್ವಿಸ್ ಆಂಡ್ರೂಸ್, ಮ್ಯಾಟ್ ಹ್ಯಾರಿಸನ್ ಇದ್ದರು. ಟೆಶೇರಾಗೆ ಮುಂದೆ ಯಾಂಕೀಸ್ ಎಂಟು ವರ್ಷಕ್ಕೆ 18 ಕೋಟಿ ಡಾಲರ್ ಕೊಟ್ಟಿತು. ಆ 2010ರ ಸರಣಿಯ ನಾಲ್ಕನೇ ಪಂದ್ಯದಲ್ಲಿ ಅವರು ಗಾಯಗೊಂಡು ಹೊರಗೆ ಹೋದರು. ಹಾಗಂತ ಅದು ಕೆಟ್ಟ ಕಾಂಟ್ರ್ಯಾಕ್ಟ್ ಅಂತಲೂ ಅನ್ನಲಾರೆ. 2009ರಲ್ಲಿ ಟೆಶೇರಾ, ಸಬಾತಿಯಾ, ಬರ್ನೆಟ್ ಮೂವರನ್ನೂ ತಂದ ಮೊದಲ ವರ್ಷವೇ ಯಾಂಕೀಸ್ ಕಪ್ ಗೆದ್ದಿತ್ತು.

ದೊಡ್ಡ ಕಾಂಟ್ರ್ಯಾಕ್ಟ್‌ಗಳು ಇಷ್ಟೊಂದು ಯಾಕೆ ಕೈಕೊಡುತ್ತವೆ ಅಂದರೆ ವಯಸ್ಸಿನ ಲೆಕ್ಕ ನೋಡಬೇಕು. ಹುಡುಗ ದೊಡ್ಡ ಲೀಗಿಗೆ ಬಂದ ಮೇಲೆ ಆರು ವರ್ಷ ಅದೇ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ, 2025ರಲ್ಲಿ ಅದು 7,60,000 ಡಾಲರ್. ಆಮೇಲೆ ಮೂರು ವರ್ಷ ಸಂಬಳ ಮಾತುಕತೆಯಲ್ಲಿ, ಅದಾಗದಿದ್ದರೆ ಮಧ್ಯಸ್ಥರ ಮುಂದೆ ನಿರ್ಧಾರವಾಗುತ್ತದೆ. ಆರು ವರ್ಷ ತುಂಬಿದ ಮೇಲೇ ಫ್ರೀ ಏಜೆಂಟ್. ಅಷ್ಟು ಹೊತ್ತಿಗೆ ಬಹಳ ಜನರಿಗೆ ವಯಸ್ಸು ಮೂವತ್ತರ ಹತ್ತಿರ. ಒಳ್ಳೆಯ ವರ್ಷಗಳು ಕಡಿಮೆ ಸಂಬಳಕ್ಕೆ ಮುಗಿದಿರುತ್ತವೆ. ದೊಡ್ಡ ದುಡ್ಡು ಕೊಡುವ ತಂಡಕ್ಕೆ ಸಿಗುವುದು ಉಳಿದ ಎರಡು ಮೂರು ಒಳ್ಳೆಯ ವರ್ಷ, ಜೊತೆಗೆ ಇಳಿಗಾಲ.

2011ರ ವರ್ಲ್ಡ್ ಸೀರೀಸ್‌ನಲ್ಲಿ ಆಲ್ಬರ್ಟ್ ಪುಹೋಲ್ಸ್ ನಮ್ಮ ಮೈದಾನದಲ್ಲೇ ಒಂದೇ ರಾತ್ರಿ ಮೂರು ಹೋಮ್ ರನ್ ಹೊಡೆದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ನಮ್ಮ ಕಪ್ ಕಿತ್ತುಕೊಂಡಿತು. ಆ ಚಳಿಗಾಲವೇ ಏಂಜಲ್ಸ್ ತಂಡ ಅವರಿಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟಿತು. ಆಗ ಅವರಿಗೆ 31 ದಾಟುತ್ತಿತ್ತು. ಮುಂದಿನ ಹತ್ತು ವರ್ಷದಲ್ಲಿ ಏಂಜಲ್ಸ್ ಪ್ಲೇಆಫ್‌ಗೆ ಹೋದದ್ದು ಒಂದೇ ಸಲ, 2014ರಲ್ಲಿ. ಅಲ್ಲೂ ಒಂದು ಪಂದ್ಯ ಗೆಲ್ಲಲಿಲ್ಲ. 2021ರ ಮೇನಲ್ಲಿ ಅವರನ್ನು ಬಿಟ್ಟುಬಿಟ್ಟರು. ಪುಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ ಸಿಕ್ಕ, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್ ಅವಕಾಶದಲ್ಲಿ ಕಾರ್ಡಿನಲ್ಸ್ ಮೈಕಲ್ ವಾಕಾ ಅನ್ನುವ ಪಿಚರನ್ನು ಆರಿಸಿಕೊಂಡಿತು. 2013ರಲ್ಲಿ ಕಾರ್ಡಿನಲ್ಸ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಮುಟ್ಟಿಸಿದವರಲ್ಲಿ ಅವನು ಮುಖ್ಯ.

ಹಾಗಾದರೆ ದುಡ್ಡಿರುವ ತಂಡಕ್ಕೆ ಲಾಭವೇ ಇಲ್ಲವಾ? ಇದೆ, ಬಹಳ ಇದೆ. ತಪ್ಪು ಮಾಡಿದರೂ ಎದ್ದು ನಿಲ್ಲುವ ಶಕ್ತಿ ಅದು. 2012ರ ಆಗಸ್ಟ್‌ನಲ್ಲಿ ಡಾಡ್ಜರ್ಸ್ ಏನು ಮಾಡಿತು ನೋಡಿ. ಬಾಸ್ಟನ್ ರೆಡ್ ಸಾಕ್ಸ್‌ಗೆ ಭಾರವಾಗಿದ್ದ ಏಡ್ರಿಯನ್ ಗೊನ್ಸಾಲೆಸ್, ಕಾರ್ಲ್ ಕ್ರಾಫರ್ಡ್, ಜೋಷ್ ಬೆಕೆಟ್ ಮೂವರ ಕಾಂಟ್ರ್ಯಾಕ್ಟ್ ಒಟ್ಟಿಗೆ ಹೊತ್ತುಕೊಂಡಿತು. 25 ಕೋಟಿ ಡಾಲರ್‌ಗೂ ಜಾಸ್ತಿ. ಭಾರ ಇಳಿಸಿಕೊಂಡ ಬಾಸ್ಟನ್ ಮುಂದಿನ ವರ್ಷವೇ ಕಪ್ ಗೆದ್ದಿತು. ಡಾಡ್ಜರ್ಸ್ 2016ರಲ್ಲಿ ಕ್ರಾಫರ್ಡ್ ಅವರನ್ನು ಬಿಟ್ಟಾಗ ಸುಮಾರು 3.5 ಕೋಟಿ ಡಾಲರ್ ಸಂಬಳ ಇನ್ನೂ ಬಾಕಿ ಇತ್ತು. ಅದನ್ನು ಸುಮ್ನೆ ಕಟ್ಟಿದರು. ಆದರೆ 2013ರಿಂದ 2020ರ ತನಕ ಎಂಟು ವರ್ಷ ಸತತವಾಗಿ ಡಿವಿಷನ್ ಗೆದ್ದರು, ಯಾಕೆಂದರೆ ಅದೇ ಹೊತ್ತಿಗೆ ತಾವೇ ಹುಡುಗರನ್ನು ಬೆಳೆಸುತ್ತಿದ್ದರು. ಆ ಥರದ ಒಂದು ತಪ್ಪು ಚಿಕ್ಕ ತಂಡ ಮಾಡಿದರೆ ಎಷ್ಟೋ ವರ್ಷ ತಲೆ ಎತ್ತುವುದಿಲ್ಲ. ಬಾಲ್ಟಿಮೋರ್ 2016ರಲ್ಲಿ ಕ್ರಿಸ್ ಡೇವಿಸ್‌ಗೆ ಏಳು ವರ್ಷಕ್ಕೆ 16 ಕೋಟಿ 10 ಲಕ್ಷ ಕೊಟ್ಟಿತು. ಆಮೇಲೆ ಒಂದು ಹಂತದಲ್ಲಿ ಅವರು 54 ಸಲ ಬ್ಯಾಟ್ ಮಾಡಿಯೂ ಒಂದು ಹಿಟ್ ಬರಲಿಲ್ಲ. ಪಾಪ, ಆ ಮನುಷ್ಯನ ಮುಖ ನೋಡಲು ಆಗುತ್ತಿರಲಿಲ್ಲ.

ಇನ್ನು ನಿಮ್ಮ ಎರಡನೇ ಮಾತು. ಬೇಸ್‌ಬಾಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಗಟ್ಟಿಯಾದ ಮಿತಿ ಇಲ್ಲ. ಒಂದು ಗೆರೆ ಇದೆ, 2025ರಲ್ಲಿ 24 ಕೋಟಿ 10 ಲಕ್ಷ ಡಾಲರ್. ಅದನ್ನು ದಾಟಿದರೆ ದಾಟಿದ ಮೊತ್ತದ ಮೇಲೆ ತೆರಿಗೆ. ವರ್ಷ ವರ್ಷ ದಾಟುತ್ತಾ ಹೋದರೆ, ಬಹಳ ದೂರ ದಾಟಿದರೆ, ದರ ಏರುತ್ತದೆ. ಕೊನೆಗೆ ಒಂದು ಡಾಲರ್ ಸಂಬಳಕ್ಕೆ ಒಂದು ಡಾಲರ್ ಹತ್ತು ಸೆಂಟ್ ತೆರಿಗೆ. ಡಾಡ್ಜರ್ಸ್ ಆಟಗಾರ ಒಟಾನಿ ಅವರ 70 ಕೋಟಿ ಡಾಲರ್‌ನ ಕಾಂಟ್ರ್ಯಾಕ್ಟ್‌ನಲ್ಲಿ 68 ಕೋಟಿ ಮುಂದೂಡಿದ್ದು, 2034ರಿಂದ 2043ರ ತನಕ ಬಡ್ಡಿ ಇಲ್ಲದೆ ಕೊಡುವುದು. ಹಾಗಾಗಿ ತೆರಿಗೆ ಲೆಕ್ಕಕ್ಕೆ ಅದು ವರ್ಷಕ್ಕೆ ಸುಮಾರು 4.6 ಕೋಟಿ ಮಾತ್ರ. ಇದು ನಿಯಮದ ಒಳಗೇ ಇದೆ, ಯಾವ ತಂಡ ಬೇಕಾದರೂ ಮಾಡಬಹುದು.

ಪೂರ್ತಿ ಮಿತಿ ಹಾಕಿ ಅನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಕಾರಣ ಕರ್ಟ್ ಫ್ಲಡ್ ಅನ್ನುವ ಹಳೇ ಆಟಗಾರ. 1975ರ ತನಕ ಆಟಗಾರ ಅಂದರೆ ತಂಡದ ಆಸ್ತಿ. ಕಾಂಟ್ರ್ಯಾಕ್ಟ್ ಮುಗಿದರೂ ಬೇರೆ ಕಡೆ ಹೋಗುವ ಹಾಗಿಲ್ಲ. 1969ರಲ್ಲಿ ಕಾರ್ಡಿನಲ್ಸ್ ಫ್ಲಡ್ ಅವರನ್ನು ಕೇಳದೆ ಫಿಲಡೆಲ್ಫಿಯಾಗೆ ಕೊಟ್ಟಿತು. ಅವರು ಹೋಗುವುದಿಲ್ಲ ಅಂದರು. ಕೊಂಡು ಮಾರಲು ನಾನೇನು ವಸ್ತುವಲ್ಲ ಅಂತ ಕಮಿಷನರ್‌ಗೆ ಕಾಗದ ಬರೆದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು, 1972ರಲ್ಲಿ 5–3ರಿಂದ ಸೋತರು. ಅವರ ಆಟ ಅಷ್ಟರಲ್ಲೇ ಮುಗಿದಿತ್ತು. 1971ರಲ್ಲಿ ಕೊನೆಯದಾಗಿ 13 ಪಂದ್ಯ ಆಡಿದ್ದು ವಾಷಿಂಗ್ಟನ್ ಸೆನೆಟರ್ಸ್‌ಗೆ. ಮುಂದಿನ ವರ್ಷ ಆರ್ಲಿಂಗ್ಟನ್‌ಗೆ ಬಂದು ರೇಂಜರ್ಸ್ ಅಂತ ಹೆಸರಾದದ್ದು ಅದೇ ತಂಡ. 1975ರ ಡಿಸೆಂಬರ್ 23ಕ್ಕೆ ಮಧ್ಯಸ್ಥ ಪೀಟರ್ ಸೈಟ್ಸ್ ಬೇರೆ ಇಬ್ಬರು ಪಿಚರ್‌ಗಳ ಕಡೆ ತೀರ್ಪು ಕೊಟ್ಟ ಮೇಲೆ ಫ್ರೀ ಏಜೆನ್ಸಿ ಬಂತು. ಫ್ಲಡ್ ಅವರಿಗೆ ಅದರಿಂದ ಒಂದು ಪೈಸೆಯೂ ಸಿಗಲಿಲ್ಲ. ಹ್ವಾನ್ ಸೋಟೋಗೆ ಮೆಟ್ಸ್ 76.5 ಕೋಟಿ ಕೊಟ್ಟ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ದೊಡ್ಡ ತಂಡಗಳು ತಮ್ಮ ಊರಿನ ಟಿಕೆಟ್, ಟಿವಿ ಆದಾಯದ ಒಂದು ಪಾಲನ್ನು ಎಲ್ಲರ ಗಂಟಿಗೆ ಹಾಕುತ್ತವೆ, ಅದು ಚಿಕ್ಕ ತಂಡಗಳಿಗೂ ಹೋಗುತ್ತದೆ. ಅದನ್ನು ಪಡೆದೂ ತಂಡದ ಮೇಲೆ ಖರ್ಚು ಮಾಡದ ಮಾಲೀಕರ ಮೇಲೆ ನನಗೆ ಸಿಟ್ಟಿದೆ. ಖರ್ಚು ಮಾಡುವವರ ಮೇಲಿಲ್ಲ. ಕನಿಷ್ಠ ಇಷ್ಟು ಸಂಬಳ ಕೊಡಲೇಬೇಕು ಅಂತ ಕೆಳಗಿನ ಗೆರೆ ಹಾಕಿದರೆ ನಾನು ಎರಡೂ ಕೈ ಎತ್ತುತ್ತೇನೆ. ಮಾಲೀಕರು ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2026ರ ಡಿಸೆಂಬರ್ 1ರ ತನಕ. ಮಿತಿಯ ವಿಷಯಕ್ಕೇ 1994ರಲ್ಲಿ ಮುಷ್ಕರವಾಗಿ ವರ್ಲ್ಡ್ ಸೀರೀಸ್ ನಿಂತುಹೋಗಿತ್ತು. ಮತ್ತೆ ಹಾಗಾಗುವುದು ಬೇಡ.

ಈಗ ನಾವು ಗೆದ್ದ ಕಥೆ. 2021ರಲ್ಲಿ ರೇಂಜರ್ಸ್ 102 ಪಂದ್ಯ ಸೋತಿತು. ಆ ಚಳಿಗಾಲ ಕೋರಿ ಸೀಗರ್‌ಗೆ ಹತ್ತು ವರ್ಷಕ್ಕೆ 32.5 ಕೋಟಿ, ಮಾರ್ಕಸ್ ಸೀಮಿಯನ್‌ಗೆ ಏಳು ವರ್ಷಕ್ಕೆ 17.5 ಕೋಟಿ. ನನಗೆ ಭಯವಾಯಿತು. ಮತ್ತೆ ಹಿಕ್ಸ್ ಕಾಲವೇ ಬಂತು ಅನ್ನಿಸಿತು. 2022ರಲ್ಲಿ 94 ಸೋಲು. ಆಮೇಲೆ ಜೇಕಬ್ ಡಿಗ್ರಾಮ್‌ಗೆ 18.5 ಕೋಟಿ. ಆರು ಪಂದ್ಯ ಎಸೆದ ಮೇಲೆ ಅವರ ಮೊಣಕೈಗೆ ಆಪರೇಷನ್. ಆದರೆ ಈ ಸಲ ಪಕ್ಕದಲ್ಲಿ ಬೇರೆಯವರೂ ಇದ್ದರು. ಜೋಷ್ ಯಂಗ್, ಇವಾನ್ ಕಾರ್ಟರ್ ನಾವೇ ಬೆಳೆಸಿದ ಹುಡುಗರು. ಅಡೋಲಿಸ್ ಗಾರ್ಸಿಯಾ ಅವರನ್ನು ಕಾರ್ಡಿನಲ್ಸ್ ಬರೀ ನಗದಿಗೆ ಬಿಟ್ಟುಕೊಟ್ಟಿತ್ತು. ಮೆಟ್ಸ್ ತಂಡ 2023ರಲ್ಲಿ 10 ಕೋಟಿ ಡಾಲರ್‌ಗೂ ಜಾಸ್ತಿ ತೆರಿಗೆ ಕಟ್ಟಿ 87 ಪಂದ್ಯ ಸೋತಿತು. ಮಧ್ಯದಲ್ಲೇ ಕೈಚೆಲ್ಲಿ ಮ್ಯಾಕ್ಸ್ ಶರ್ಜರ್ ಅವರನ್ನು ನಮಗೆ ಕೊಟ್ಟಿತು, ಜೊತೆಗೆ ಸಂಬಳಕ್ಕೆ ಅಂತ ಸುಮಾರು 3.5 ಕೋಟಿ ಡಾಲರ್ ಕೂಡ. 2004ರಲ್ಲಿ ನಾವು ಯಾಂಕೀಸ್‌ಗೆ ಕೊಟ್ಟ ಹಾಗೆ, ಈಗ ನ್ಯೂಯಾರ್ಕಿನ ಇನ್ನೊಂದು ತಂಡ ನಮಗೆ ಕೊಟ್ಟಿತು.

ನವೆಂಬರ್ 1, ಫೀನಿಕ್ಸ್. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ. ನೀವು ಆರ್‌ಸಿಬಿ ಅಭಿಮಾನಿಯಾಗಿದ್ದರೆ ಆ ರಾತ್ರಿ ನನಗೆ ಹೇಗಾಗಿತ್ತು ಅಂತ ವಿವರಿಸುವುದು ಬೇಡ. ಅವರು ಕಾದದ್ದು 18 ಸೀಸನ್, ಟೆಕ್ಸಸ್ ಕಾದದ್ದು 52. ಸರಣಿಯ ಶ್ರೇಷ್ಠ ಆಟಗಾರ 32.5 ಕೋಟಿಯ ಸೀಗರ್. ಕೊನೇ ಸ್ಟ್ರೈಕ್ ಎಸೆದವನು ಜೋಷ್ ಸ್ಬೋರ್ಸ್. 2021ರಲ್ಲಿ ಡಾಡ್ಜರ್ಸ್ ತನ್ನ ಪಟ್ಟಿಯಲ್ಲಿ ಜಾಗ ಇಲ್ಲ ಅಂತ ಬಿಟ್ಟುಕೊಟ್ಟ ಪಿಚರ್. ಆ ಚೆಂಡಿಗೂ ಬ್ಯಾಟರ್ ಬೀಸಲಿಲ್ಲ, 2010ರಲ್ಲಿ ಆದ ಹಾಗೆಯೇ.