ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ

ಪುಣೆಯಲ್ಲಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ, ಕನ್ನಡದಲ್ಲೇ ಮಾತಾಡಬೇಕು ಎಂದು ಬರುವವರಲ್ಲಿ ಹಿಂಜವಡಿಯ ಐಟಿ ನೌಕರರೇ ಜಾಸ್ತಿ. ಅವರಲ್ಲಿ ಒಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಧಾರವಾಡದ ಕಡೆಯವರು, ವಯಸ್ಸು 38. ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಅವರ ಕೈಕೆಳಗೆ 8 ಜನ. ಇಬ್ಬರು ಮಾತ್ರ ಪುಣೆಯಲ್ಲಿ. ನಾಲ್ವರು ಹುಬ್ಬಳ್ಳಿ, ಮಂಗಳೂರಿನ ತಮ್ಮ ಮನೆಗಳಿಂದ, ಇಬ್ಬರು ಜರ್ಮನಿಯಿಂದ ಕೆಲಸ ಮಾಡುತ್ತಾರೆ.

"ಒಬ್ಬರಿಗೊಬ್ಬರು ಸಹಾಯನ ಮಾಡೂದಿಲ್ರೀ ಮೇಡಂ. ಹುಬ್ಬಳ್ಳಿ ಹುಡುಗಿ ಮೂರು ದಿನ ಒಂದ ಕಡೆ ಸಿಕ್ಕೊಂಡು ಕೂತಿದ್ಲು. ಯಾರನ್ನೂ ಕೇಳಲಿಲ್ಲ. ಮಂಗಳೂರು ಹುಡುಗ ಹಿಂದಿನ ತಿಂಗಳ ಅದನ್ನ ಸರಿಮಾಡಿದ್ದ!"

ಕಳೆದ ಎರಡು ವಾರ ತಂಡದ ಮೆಸೇಜ್ ಗುಂಪಿನಲ್ಲಿ ನೀವು ಬರೆದದ್ದನ್ನು ಗಟ್ಟಿಯಾಗಿ ಓದಿ ಎಂದೆ. ಫೋನ್ ತೆಗೆದರು. 'ಇದು ಯಾರು ಮಾಡಿದ್ದು?' 'ಇನ್ನೂ ಆಗಿಲ್ವಾ?' 'ಇಷ್ಟೂ ಗೊತ್ತಿಲ್ವಾ?' ನಾಲ್ಕನೆಯದಕ್ಕೆ ತಾವೇ ನಿಲ್ಲಿಸಿದರು. "ನಾ ಸಿಟ್ಟಿಲೆ ಬರೆದಿದ್ದಿಲ್ರೀ" ಎಂದರು.

ನಾನು ಅದನ್ನು ನಂಬಿದೆ. ಎದುರಿಗೆ ಕೂತು ಹೇಳಿದ್ದರೆ ಮುಖ ಕಾಣುತ್ತಿತ್ತು. ಆಮೇಲೆ ಚಹಾಕ್ಕೆ ಒಟ್ಟಿಗೆ ಹೋಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಹುಬ್ಬಳ್ಳಿಯ ಕೋಣೆಯಲ್ಲಿ ಒಬ್ಬಳೇ ಕೂತವಳಿಗೆ ಸಿಗುವುದು ಆ ಒಂದು ಸಾಲು ಮಾತ್ರ. ಅದನ್ನೇ ಹತ್ತು ಸಲ ಓದುತ್ತಾಳೆ. ಉಳಿದ ಏಳು ಜನರೂ ಓದುತ್ತಾರೆ. 'ಗೊತ್ತಿಲ್ಲ' ಎಂದರೆ ಇಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ತಿಳಿದುಹೋಗುತ್ತದೆ. ತಪ್ಪು ಒಪ್ಪಿಕೊಳ್ಳಲು, ಸಹಾಯ ಕೇಳಲು ಹೆದರಿಕೆ ಇಲ್ಲದ ತಂಡಗಳೇ ಚೆನ್ನಾಗಿ ಕಲಿಯುತ್ತವೆ ಎಂದು ಸಂಶೋಧಕಿ ಏಮಿ ಎಡ್ಮಂಡ್ಸನ್ 1999ರಲ್ಲೇ ತೋರಿಸಿದ್ದಾರೆ.

ಜರ್ಮನಿಯವರ ಮೇಲೂ ಇವರಿಗೆ ಬೇಸರ ಇತ್ತು. ಬೇಕಂತಲೇ ಉತ್ತರ ಕೊಡುವುದಿಲ್ಲವಂತೆ. ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ 10 ಆದಾಗ ಅಲ್ಲಿ 5.30. ಇದು ಅವರಿಗೆ ಗೊತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಮನಸ್ಸು ಕಹಿಯಾಗಿರುತ್ತಿತ್ತು. ದೂರದೂರ ಇರುವ ತಂಡಗಳ ಮೇಲೆ ಸಂಶೋಧಕಿ ಕ್ಯಾಥರೀನ್ ಕ್ರ್ಯಾಮ್ಟನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣುತ್ತದೆ. ಉತ್ತರ ಬಾರದಿದ್ದರೆ ಅವರ ಪರಿಸ್ಥಿತಿ ಏನಿರಬಹುದು ಎಂದು ನಾವು ಯೋಚಿಸುವುದಿಲ್ಲ, ಆ ಮನುಷ್ಯನೇ ಸರಿಯಿಲ್ಲ ಅನ್ನುತ್ತೇವೆ.

ಮೊದಲು ಒಂದೇ ಕೆಲಸ ಹೇಳಿದೆ. ಈ ವಾರ ನಿಮ್ಮದೇ ಒಂದು ತಪ್ಪನ್ನು ಗುಂಪಿನಲ್ಲಿ ಬರೆಯಿರಿ, ನಿಜವಾದದ್ದನ್ನು. ಅವರಿಗೆ ಇದು ಬಹಳ ಕಷ್ಟವಾಯಿತು. "ಮರ್ಯಾದಿ ಉಳೀತದೇನ್ರೀ?" ಎಂದು ಕೇಳಿದರು. ಎರಡು ವಾರ ತಪ್ಪಿಸಿಕೊಂಡರು. ನಾನು ಒತ್ತಾಯ ಮಾಡಲಿಲ್ಲ, ಬಿಡಲೂ ಇಲ್ಲ. ಯಾರನ್ನಾದರೂ ತಿದ್ದಬೇಕಿದ್ದರೆ ಫೋನ್ ಮಾಡಿ, ಗುಂಪಿನಲ್ಲಿ ಬೇಡ ಎಂದೆ. ಒಬ್ಬರು ಇನ್ನೊಬ್ಬರಿಗೆ ನೆರವಾದರೆ ಅದನ್ನು ಮಾತ್ರ ಎಲ್ಲರೆದುರು ಹೆಸರು ಹಿಡಿದು ಹೇಳಿ. ಯಾವುದಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ಬೇಕು ಎಂದು ಜರ್ಮನಿಯವರ ಜೊತೆ ಕೂತು ಮಾತಾಡಿ ಬರೆದಿಟ್ಟುಕೊಳ್ಳಿ.

ಮೂರನೇ ವಾರ ಬರೆದರು. ತಾವೇ ಹಳೇ ಫೈಲ್ ಕಳಿಸಿದ್ದರಿಂದ ಇಬ್ಬರ ಒಂದು ದಿನದ ಕೆಲಸ ಹಾಳಾಗಿತ್ತು, ಅದನ್ನೇ ಬರೆದರು. ಅವತ್ತು ಯಾರೂ ಏನೂ ಹೇಳಲಿಲ್ಲ. ಬಹಳ ಕುಗ್ಗಿ ಬಂದರು.

ಆರನೇ ಭೇಟಿಗೆ ಬಂದಾಗ ಕೂರುವ ಮೊದಲೇ ಫೋನ್ ತೋರಿಸಿದರು. 'ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಿಗಾದರೂ ಗೊತ್ತಾ?' ಎಂದು ಹುಬ್ಬಳ್ಳಿ ಹುಡುಗಿ ಕೇಳಿದ್ದಳು. ಹತ್ತು ನಿಮಿಷದಲ್ಲಿ ಮಂಗಳೂರಿನಿಂದ ಉತ್ತರ ಬಂದಿತ್ತು. ಇವರು ನಡುವೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಭೇಟಿ ಮುಂದುವರಿದಿದೆ.